ನಿನ್ನೆಯ ಬಂಗುಡೆ ಸಾರು

ಬಾಗಿಯಕ್ಕನ ಹೋಟೆಲಿನಲ್ಲಿ ಕೂತಲ್ಲೇ ನಲವತ್ತು ಬಂಗುಡೆ ಮೀನು ತಿಂದವ ನಾನು. ಎಣಿಸಿದವರು ಯಾರೂ ಈಗ ಉಳಿದಿಲ್ಲ. ಹೋಟೆಲನ್ನೂ ಕಡಲು ತಕ್ಕೊಂಡು ಹೋಯಿತು.

ಅವಳ ಗಂಡ ದೋಣಿಯೊಟ್ಟಿಗೆ ಹೋದವನು ತಿರುಗಿ ಬರಲಿಲ್ಲ. ಮೂರು ಹೆಣ್ಣುಮಕ್ಕಳ ಹೊಟ್ಟೆಗೆ ಇದ್ದದ್ದು ಅದೊಂದೇ ಒಲೆ. ಆಷಾಢದ ಜಡಿಮಳೆಯಲ್ಲಿ ಪೇಟೆಯಿಂದ ಹೋಟೆಲು ತಪಾಸಣೆಗೆ ಒಬ್ಬ ಸಾಹೇಬ ಬಂದ. ಮಣ್ಣಿನ ಗಡಿಗೆಯ ಮುಚ್ಚಳ ತೆಗೆದು, "ಇದು ನಿನ್ನೆಯ ಸಾರಲ್ಲವಾ? ಹಳಸಿದ್ದು ಮಾರುತ್ತೀಯಾ? ಇವತ್ತೇ ಬಾಗಿಲು ಹಾಕು" ಅಂದ.

ಬಾಗಿಯಕ್ಕ ಅಳಲಿಲ್ಲ. "ಇವತ್ತಿನದೂ ಉಂಟು ಸಾಹೇಬ್ರೇ. ಎರಡನ್ನೂ ಬಡಿಸ್ತೇನೆ. ಹಳಸಿದ್ದು ಯಾವುದು ಅಂತ ನೀವೇ ಉಂಡು ಹೇಳಿ. ಸರಿಯಾಗಿ ಹೇಳಿದರೆ ನಾನೇ ಬೀಗ ಹಾಕ್ತೇನೆ."

ಎರಡನ್ನೂ ಒಂದೇ ಹದಕ್ಕೆ ಬಿಸಿ ಮಾಡಿ ತಂದಿಟ್ಟಳು. ಸಾಹೇಬ ಮೊದಲ ಬಟ್ಟಲಿನ ಸಾರು ಬಾಯಿಗಿಟ್ಟು ಮುಖ ಹಿಂಡಿದ. ಎರಡನೆಯದಕ್ಕೆ ಮೂರು ಸಲ ಅನ್ನ ಹಾಕಿಸಿಕೊಂಡ. ಬೆರಳು ಚೀಪುತ್ತಾ ಮೊದಲನೆಯದನ್ನು ತೋರಿಸಿ, "ಹಳಸಿದ್ದು ಇದೇ" ಅಂದ.

"ಅದು ಇವತ್ತು ಬೆಳಿಗ್ಗೆ ಮಾಡಿದ್ದು. ನೀವು ಬಳಿದು ಉಂಡದ್ದು ನಿನ್ನೆಯದು. ಮೀನಿಗೆ ಹುಳಿಖಾರ ಹಿಡಿಯಲಿಕ್ಕೆ ಒಂದು ರಾತ್ರಿ ಬೇಕು ಸಾಹೇಬ್ರೇ."

ಸಾಹೇಬ ಖಾಲಿ ಬಟ್ಟಲನ್ನು ಬದಿಗೆ ಸರಿಸಿದ. ಆಮೇಲೆ ಕೈ ತೊಳೆದು ಮಳೆಗೆ ಇಳಿದ. ಮರುವಾರ ಬಂದವನು ಮೆಲ್ಲಗೆ, "ನಿನ್ನೆಯದು ಉಂಟಾ?" ಅಂತ ಕೇಳಿದ.

ನನ್ನ ಈ ಕತೆ ಕೇಳುತ್ತಾ ಎದುರು ಕೂತಿದ್ದ ಸೂರ ಖಾರ್ವಿ ಬೀಡಿ ಕೆಳಗಿಟ್ಟ. "ಅಜ್ಜ, ಆಷಾಢದಲ್ಲಿ ದೋಣಿ ಕಡಲಿಗೆ ಇಳಿಯುವುದೇ ಇಲ್ಲ. ಬೆಳಿಗ್ಗೆ ಬಂಗುಡೆ ಎಲ್ಲಿಂದ ಬಂತು?"

ನಾನು ಕೈ ಒದರಿದೆ. "ಹೋಟೆಲು ಹೋಯಿತು, ಸಾಹೇಬ ಹೋದ, ಬಾಗಿಯಕ್ಕನೂ ಹೋದಳು. ನೀನು ಬಂಗುಡೆ ಒಂದನ್ನೇ ಯಾಕೆ ಹುಡುಕ್ತಿ ಮಾರಾಯ?"