ಜೀಪಿನ ಅಡಿಗೊಂದು ತಗಡು

ಹೊಳೆದಂಡೆಯ ಆಶ್ರಮದಲ್ಲಿ ಎರಡು ಜೀಪುಗಳಿದ್ದವು. ಒಂದನ್ನು ಮುರಿಗೆಪ್ಪ ಓಡಿಸುತ್ತಿದ್ದ. ಹೊಳೆಯ ಕಲ್ಲುಗಳ ನಡುವೆ ಹಾದು, ಆಚೆ ಊರಿನ ರೋಗಿಗಳನ್ನು ಈಚೆಯ ದವಾಖಾನೆಗೆ ತರುವುದು ಅವನ ಸೇವೆ. ಒಂಬತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದ.

ಇನ್ನೊಂದು ಚನ್ನವೀರನದು. ಅವನು ಆಶ್ರಮಕ್ಕೆ ಬಂದು ಒಂದೇ ವರ್ಷ. ಗುಡ್ಡದ ಮೇಲಿನ ಹಟ್ಟಿಗೆ ಜೋಳ ಒಯ್ಯುತ್ತಿದ್ದ.

ಒಂದು ದಿನ ಗುರು ಸಿದ್ಧಯ್ಯಜ್ಜ ಚನ್ನವೀರನ ಜೀಪಿನ ಅಡಿಗೆ ದಪ್ಪ ಕಬ್ಬಿಣದ ತಗಡು ಹಾಕಿಸಿದರು, ಕಲ್ಲು ತಾಗಿದರೂ ಇಂಜಿನ್ನಿಗೆ ಪೆಟ್ಟಾಗದಿರಲೆಂದು.

ಮುರಿಗೆಪ್ಪನ ಹೊಟ್ಟೆ ಉರಿಯಿತು. ನಿನ್ನೆ ಮೊನ್ನೆ ಬಂದವನಿಗೆ ತಗಡು, ಒಂಬತ್ತು ವರ್ಷ ದುಡಿದವನಿಗೆ ಏನೂ ಇಲ್ಲ. ಅಜ್ಜಾರ ಮನಸ್ಸಿನಲ್ಲಿ ತನ್ನ ಜಾಗ ಚನ್ನವೀರನ ಪಾಲಾಯಿತೇ ಎಂಬುದೇ ಅವನ ಸಂಕಟ.

“ಅಜ್ಜಾರ, ನನ್ನ ಜೀಪಿಗೂ ಒಂದು ತಗಡ ಹಾಕಸ್ರಿ” ಎಂದು, ಹದಿನೈದು ದಿನ ತಡೆದು, ಕೊನೆಗೆ ಕೇಳಿಯೇಬಿಟ್ಟ.

“ಬೇಕೋ ಬ್ಯಾಡೋ ನೋಡೋಣು. ಹೊಳಿಯೊಳಗ ನೀರಿನ ಮ್ಯಾಲ ಎದ್ದ ಕಲ್ಲಿಗೆಲ್ಲ ಸುಣ್ಣ ಬಳಿ. ಆಮ್ಯಾಲ ಜೀಪ ದಾಟಿಸಿಕೊಂಡು ಬಾ.”

ಮುರಿಗೆಪ್ಪ ಸುಣ್ಣ ಬಳಿದ. ಹೊಳೆ ದಾಟಿ ತಿರುಗಿ ಬಂದು, ಜೀಪಿನ ಕೆಳಗೆ ತೂರಿ ಮಲಗಿದ. ಎಪ್ಪತ್ತರ ಅಜ್ಜಾರೂ ಅವನ ಪಕ್ಕದಲ್ಲೇ ಅಂಗಾತ ಮಲಗಿ ಜೀಪಿನ ಅಡಿಯನ್ನೆಲ್ಲ ನೋಡಿದರು. ಬಿಳಿ ಎಂಬುದು ಚೂರೂ ಇರಲಿಲ್ಲ.

“ಒಂದು ಕಲ್ಲೂ ಮುಟ್ಟಿಲ್ಲ” ಎಂದರು ಅಜ್ಜಾರು.

“ಅಂದ್ರ ತಗಡ ಇಲ್ಲೇನ್ರಿ?”

“ಸುಮ್ಮನ ಭಾರ ಯಾಕ ಹೊರಸ್ತಿ?”

ಬೇರೆ ಯಾರಾದರೂ ಆಗಿದ್ದರೆ ಹೊಗಳಿಸಿಕೊಂಡೆ ಎಂದು ಉಬ್ಬುತ್ತಿದ್ದರು. ಮುರಿಗೆಪ್ಪನಿಗೆ ಕೇಳಿಸಿದ್ದು ಇಲ್ಲ ಎಂಬುದಷ್ಟೇ.

ಮರುದಿನ ಬೆಳಗ್ಗೆ ಚನ್ನವೀರ ಗುನುಗುತ್ತ ಜೀಪು ತೊಳೆಯುತ್ತಿದ್ದ. ಅದನ್ನು ನೋಡಿದ್ದೇ ಸಾಕಾಯಿತು. ನಡುಹೊಳೆಯಲ್ಲಿ ಮುರಿಗೆಪ್ಪ ಬೇಕೆಂದೇ ಎಲ್ಲಕ್ಕಿಂತ ದೊಡ್ಡ ಕಲ್ಲಿನ ಮೇಲೆ ಜೀಪು ಹಾಯಿಸಿದ. ಒಂದು ಗೀರು ಬಿದ್ದರೆ ಸಾಕು, ಆಮೇಲೆ ಅಜ್ಜಾರು ಹೇಗೆ ಇಲ್ಲವೆನ್ನುತ್ತಾರೋ ನೋಡೋಣ ಎಂದುಕೊಂಡಿದ್ದ.

ಕಲ್ಲು ಗೀರಿಗೆ ನಿಲ್ಲಲಿಲ್ಲ. ಇಂಜಿನ್ನಿನ ಅಡಿಯ ಆಯಿಲ್ ಚೇಂಬರ್ ಒಡೆದು, ಎಣ್ಣೆಯೆಲ್ಲ ಹೊಳೆಗೆ ಸೋರಿತು.

ಆಚೆ ದಂಡೆಯಲ್ಲಿ ನೀಲವ್ವ ಕಾಯುತ್ತಿದ್ದಳು. ಜ್ವರದಿಂದ ಸುಡುತ್ತಿದ್ದ ಮೊಮ್ಮಗಳು ಅವಳ ಹೆಗಲ ಮೇಲಿದ್ದಳು.

“ಯಾಕೋ ತಮ್ಮಾ, ನಿಂತ್ಯಲ್ಲಾ?” ಎಂದು ಕೂಗಿದಳು.

ಆ ಕೂಗು ಕೇಳಿ ಈಚೆ ದಂಡೆಯಿಂದ ಚನ್ನವೀರ ಓಡಿಬಂದ. ಕೂಸನ್ನು ಎತ್ತಿಕೊಂಡು, ನೀಲವ್ವನ ಕೈಹಿಡಿದು ಹೊಳೆ ದಾಟಿಸಿ, ತನ್ನ ಜೀಪಿನಲ್ಲಿ ದವಾಖಾನೆಗೆ ಬಿಟ್ಟುಬಂದ. ಆಮೇಲೆ ಹಗ್ಗ ಕಟ್ಟಿ ಮುರಿಗೆಪ್ಪನ ಜೀಪನ್ನು ದಂಡೆಗೆ ಎಳೆದ.

“ನಿನ್ನ ಕೈಯಾಗೂ ಕಲ್ಲು ತಾಗತೈತೇನಣ್ಣಾ?” ಎಂದ, ನಂಬಲಾಗದೆ.

“ನಿನಗೇನಪ್ಪಾ, ತಗಡೈತಿ.”

“ನಿನ್ನಂಗ ಜೀಪ ಹೊಡ್ಯಾಕ ಬಂದಿದ್ರ ನನಗ್ಯಾಕ ತಗಡ ಬೇಕಿತ್ತು? ಬಾ, ನನ್ನ ಜೀಪಿನ ಅಡಿಗೆ ಬಗ್ಗಿ ನೋಡು. ನನಗಂತೂ ಅದನ್ನ ನೋಡಾಕ ನಾಚಿಕಿ ಬರತೈತಿ.”

ಮುರಿಗೆಪ್ಪ ಬಗ್ಗಿ ನೋಡಿದ. ತಗಡಿನ ತುಂಬ ತಗ್ಗು. ಗೇಣು ಜಾಗವೂ ನೆಟ್ಟಗಿರಲಿಲ್ಲ.

ಸಂಜೆ ಅಜ್ಜಾರು ಬಂದರು. ಜೀಪಿನ ಕಡೆ ನೋಡಲೇ ಇಲ್ಲ.

“ಕೂಸು ಹ್ಯಾಂಗೈತಿ?”

“ಜ್ವರ ಇಳದೈತ್ರಿ” ಎಂದ ಚನ್ನವೀರ.

ಅಜ್ಜಾರು ಮುರಿಗೆಪ್ಪನ ಕಡೆ ತಿರುಗಿದರು. ಅವನು ತಲೆ ಎತ್ತಲಿಲ್ಲ.

“ಕಲ್ಲು ತಾನಾಗಿ ತಾಗಲಿಲ್ರಿ ಅಜ್ಜಾರ. ನಾನ ಹೋಗಿ ಬಡದೆ. ಹೊಟ್ಟಿಕಿಚ್ಚಿಗೆ.”

ಅಜ್ಜಾರು ಸುಣ್ಣದ ಗಡಿಗೆ, ಕುಂಚ ತಂದು ಅವನ ಮುಂದಿಟ್ಟರು.

“ತಗಡ ಹಾಕಸೋಣು. ಪೆಟ್ಟು ಎಲ್ಲಿ ಬಿತ್ತೋ ಅಲ್ಲಿ ಸುಣ್ಣ ಹಚ್ಚಿ ತೋರಸು.”

ಮುರಿಗೆಪ್ಪ ಕುಂಚ ಅದ್ದಿ, ಜೀಪಿನ ಅಡಿಗೆ ಬಗ್ಗಿದ. ಅಜ್ಜಾರು ಮೆಲ್ಲಗೆ ಅವನ ಕೈ ಹಿಡಿದರು.

“ಅಲ್ಲಿ ಬಿದ್ದದ್ದು ಎರಡನೇ ಪೆಟ್ಟು, ಮುರಿಗೆಪ್ಪ. ಮೊದಲನೇದು ತೋರಸು.”