ಸುಡುಗಲ್ಲಿನಲ್ಲಿ ಹಿಮ ಬಿದ್ದ ಮೂರು ದಿನ

ಒಂದಾನೊಂದು ಕಾಲದಲ್ಲಿ, ಸೂರ್ಯಪ್ಪನಿಗೆ ಇನ್ನೂ ಎಳೇ ವಯಸ್ಸಿನ ಕೋಪ ಇಳಿದಿರದ ಕಾಲದಲ್ಲಿ, ಸುಡುಗಲ್ಲು ಅಂತ ಒಂದು ಪಟ್ಟಣ ಇತ್ತಂತೆ. ಸುತ್ತ ಕರೀ ಬಂಡೆಯ ಗುಡ್ಡ, ನಡುವೆ ಪಟ್ಟಣ, ಬಾಣಲೆಗೆ ಬಿಟ್ಟ ಹಪ್ಪಳದ ಹಂಗೆ. ಅಲ್ಲಿ ಕೋಳಿಗಳು ಬೆಂದ ಮೊಟ್ಟೇನೇ ಇಡ್ತಿದ್ವಂತೆ. ನಗಬೇಡ ಕಂದ, ಕೇಳು. ಆ ಊರಿನ ಜನ ಒಲೇನ ಮನೆಯೊಳಗೆ ಹಾಕ್ತಿರಲಿಲ್ಲ, ಎಲ್ಲರದೂ ಹೊರಗೆ ಅಂಗಳದಲ್ಲೇ ಅಡುಗೆ. ಬಾಗಿಲಿಗೆ ಕದ ಇಡ್ತಿರಲಿಲ್ಲ, ಲಾವಂಚದ ತಟ್ಟಿ ಕಟ್ಟಿ ಅದಕ್ಕೆ ನೀರು ಚಿಮುಕಿಸೋರು. ಕಂಬಳಿ ಅನ್ನೋದು ಹೆಂಗಿರುತ್ತೆ ಅಂತ ಕಂಡೋರೇ ಇಲ್ಲ.

ಆ ಪಟ್ಟಣದ ಹೆಬ್ಬಾಗಿಲ ಹತ್ರ ಬೊಮ್ಮಕ್ಕ ಅನ್ನೋಳು ಅರವಟ್ಟಿಗೆ ಇಟ್ಟಿದ್ದಳಂತೆ. ಅರವಟ್ಟಿಗೆ ಅಂದ್ರೆ ದಾರಿಹೋಕರಿಗೆ ಪುಕ್ಕಟೆ ನೀರು ಮಜ್ಜಿಗೆ ಕೊಡೋ ಚಪ್ಪರ. ಗಂಡ ಇರಲಿಲ್ಲ, ಪಾಲಯ್ಯ ಅಂತ ಒಬ್ಬನೇ ಮಗ, ಬಾವಿಯಿಂದ ನೀರು ಹೊತ್ತು ತರೋದು ಅವನ ಕೆಲಸ. ಬಿಸಿಲಿಗೆ ಯಾರಾದ್ರೂ ದಾರೀಲಿ ಬಿದ್ರೆ ಸಾಕು, ಎತ್ಕೊಂಡು ಬೊಮ್ಮಕ್ಕನ ಚಪ್ಪರಕ್ಕೇ ಓಡಿ ಬರೋರು. ಅವಳು ತಲೆ ಮೇಲೆ ತಣ್ಣೀರು ಸುರಿದು, ಎದೆಗೆ ಒದ್ದೆ ಬಟ್ಟೆ ಹಾಕಿ, ಬೀಸಣಿಗೆ ಹಿಡಿದು ಗಾಳಿ ಬೀಸಿದ್ಲು ಅಂದ್ರೆ ಬಿದ್ದೋನು ಎದ್ದು ಕೂತು, ಅಕ್ಕಾ ಇನ್ನೊಂದು ಲೋಟ ಮಜ್ಜಿಗೆ ಕೊಡು, ಉಪ್ಪು ಸ್ವಲ್ಪ ಮುಂದಾಗಿರಲಿ ಅನ್ನೋನಂತೆ. ಬೊಮ್ಮಕ್ಕನ ಕೈ ತಂಪಿನ ಕೈ ಅಂತ ಊರೆಲ್ಲ ಹೆಸರು. ಅವಳಿಗೂ ಒಳಗೊಳಗೇ ಅದರ ಹೆಮ್ಮೆ ಇತ್ತು ಅನ್ನು.

ಹಿಂಗಿರುವಾಗ ಒಂದು ದಿನ ಬೆಳಗ್ಗೆ ಎದ್ದು ನೋಡಿದ್ರೆ ಆಕಾಶದಿಂದ ಬೆಳ್ಳಗೆ ಏನೋ ಉದುರ್ತಾ ಇತ್ತಂತೆ. ತಿಳಿದೋರು ಅದನ್ನ ಹಿಮ ಅಂತಾರೆ, ಅವರಿಗೇನು ಗೊತ್ತು. ಹತ್ತಿ ಹಿಂಜೋರು, ನಮ್ಮ ಹತ್ತಿ ಹಾರಿಹೋಯ್ತಲ್ಲಪ್ಪ ಅಂತ ಚೀಲ ಹಿಡ್ಕೊಂಡು ಓಡಿದ್ರಂತೆ. ಪೂಜಾರಪ್ಪ, ಇದು ಶಿವನ ವಿಭೂತಿ, ತುಳೀಬೇಡ್ರೋ ಪಾಪಿಗಳಾ ಅಂತ ಕೂಗಿದನಂತೆ. ಒಬ್ಬಳು ಜಾಣೆ, ಉಪ್ಪು ಬಿದ್ದೈತೆ ಅಂತ ಮೊರದಲ್ಲಿ ಬಾಚಿ ಬಾಚಿ ಉಪ್ಪಿನಕಾಯಿ ಭರಣಿಗೆ ತುಂಬಿ, ಮಾರನೇ ದಿನ ನೋಡ್ತಾಳೆ, ಮಾವಿನಕಾಯಿ ಹೋಳು ನೀರಲ್ಲಿ ಈಜಾಡ್ತಾ ಇದ್ವಂತೆ.

ಆಮೇಲೆ ನಗು ನಿಂತುಹೋಯ್ತು. ಅಂಗಳದ ಒಲೆಗಳೆಲ್ಲ ಆರಿಹೋದ್ವು, ಸೌದೆ ನೆನೆದು ಮುದ್ದೆಯಾಯ್ತು. ಮಣ್ಣಿನ ಮಾಳಿಗೆ ಭಾರಕ್ಕೆ ಕಿರ್ ಅಂತಿತ್ತು, ಗಂಡಸರು ಮೇಲೆ ಹತ್ತಿ ಗುದ್ದಲೀಲಿ ಎಳೆದೆಳೆದು ಹಾಕೋರು. ಹಾಸೋಕೆ ಕೌದಿ ಇದ್ದೋರು ಅದನ್ನೇ ಹೊದ್ದರು, ಇಲ್ಲದೋರು ಗೋಣಿಚೀಲಕ್ಕೆ ತೂತು ಮಾಡಿ ತಲೆ ತೂರಿಸ್ಕೊಂಡ್ರು. ಎಲ್ಲರ ಬಾಯಲ್ಲೂ ಹಲ್ಲು ತಾಳ ಹಾಕ್ತಿದ್ವಂತೆ.

ಆ ಮೊದಲನೇ ದಿನ ಒಬ್ಬ ದಾಸಯ್ಯ, ಊರೂರು ಶಂಖ ಊದ್ಕೊಂಡು ತಿರುಗೋನು, ಹೆಬ್ಬಾಗಿಲಲ್ಲಿ ದೊಪ್ಪಂತ ಬಿದ್ದನಂತೆ. ಎತ್ಕೊಂಡು ಬಂದ್ರು. ಬಿದ್ದೋರಿಗೆ ಏನು ಮಾಡಬೇಕು ಅಂತ ಬೊಮ್ಮಕ್ಕನಿಗೆ ಹೇಳಿಕೊಡಬೇಕಾ? ತಲೆಗೆ ನೀರು ಸುರಿದ್ಲು, ಒದ್ದೆ ಬಟ್ಟೆ ಹಾಕಿದ್ಲು, ಗಾಳಿ ಬೀಸಿದ್ಲು. ದಾಸಯ್ಯ ಎರಡು ಸಲ ನಡುಗಿ ಸುಮ್ಮನಾದನಂತೆ. ವಯಸ್ಸಾಗಿತ್ತು ಪಾಪ ಅಂದ್ರು ಜನ. ಅವನ ಹೆಸರು ಕೂಡ ಯಾರಿಗೂ ಗೊತ್ತಿರಲಿಲ್ಲವಂತೆ.

ಎರಡನೇ ದಿನ ಹೂವು ಕಟ್ಟಿ ಮಾರೋ ಕೆಂಚಮ್ಮ ಬಿದ್ದಳು. ಅವಳ ಗಂಡ ಓಬಯ್ಯ ತಾನೇ ಹೆಗಲ ಮೇಲೆ ಹೊತ್ಕೊಂಡು ಓಡಿ ಬಂದ. ಅಕ್ಕಾ ಏನಾದ್ರೂ ಮಾಡಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ ಅಂತ ಅಳ್ತಾ ಇದ್ದ. ಬೊಮ್ಮಕ್ಕ, ಹೆದರಬೇಡವೋ ತಮ್ಮಯ್ಯ, ನೀನು ಬೀಸಣಿಗೆ ಹಿಡಿ, ನಾನು ನೀರು ಹಾಕ್ತೀನಿ ಅಂದಳಂತೆ. ಹಿಂದಿನ ದಿನ ನೀರು ಸಾಲದೇ ಬಂತೇನೋ ಅಂತ ಇವತ್ತು ಇನ್ನೆರಡು ಕೊಡ ಜಾಸ್ತೀನೇ ಸುರಿದ್ಲು. ಓಬಯ್ಯ ಬೀಸಿದ, ಬೀಸಿದ, ಅವನ ರಟ್ಟೆ ಬಿದ್ದುಹೋಗೋ ತನಕ ಬೀಸಿದ. ಕೆಂಚಮ್ಮ ಹೊತ್ತು ಇಳಿಯೋದ್ರೊಳಗೆ ಹೋಗಿಬಿಟ್ಟಳು. ನಿನ್ನ ಕೈಯಿಂದ ನೀರು ಹಾಕಿಸ್ಕೊಂಡು ಹೋದಳಕ್ಕ, ಪುಣ್ಯವಂತೆ ಅಂತ ಓಬಯ್ಯ ಬೊಮ್ಮಕ್ಕನ ಪಾದ ಮುಟ್ಟಿದನಂತೆ.

ನಿದ್ದೆ ಬಂತಾ? ಇಲ್ವಾ? ಸರಿ, ಹತ್ರ ಬಾ.

ಮೂರನೇ ದಿನ ಬೊಮ್ಮಕ್ಕ ಮಗನಿಗೆ ಹೇಳಿದಳಂತೆ, ಪಾಲಯ್ಯ, ಜನ ಒಬ್ಬರಾದ ಮೇಲೆ ಒಬ್ಬರು ಬೀಳ್ತಾವರೆ, ಮಡಕೆ ಬರಿದಾಗಬಾರದು, ಹೋಗಿ ನೀರು ತಗಂಬಾ. ಅವನು, ಅವ್ವ, ಕಾಲೇ ಇಲ್ಲದಂಗೆ ಆಗೈತೆ ಕಣವ್ವ ಅಂದ. ಸೋಮಾರಿತನಕ್ಕೂ ಒಂದು ಮಿತಿ ಇರಲಿ ಅಂತ ಗದರಿದ್ಲು. ಹೋದ. ಹೋದೋನು ಬರಲೇ ಇಲ್ಲ. ಆಮೇಲೆ ಅಕ್ಕಪಕ್ಕದೋರು ಬಾವಿಕಟ್ಟೆ ಹತ್ರದಿಂದ ಮರದ ಹಲಗೆ ಥರ ಸೆಟೆದಿದ್ದ ಅವನನ್ನ ಹೊತ್ಕೊಂಡು ಬಂದು ಮಲಗಿಸಿದ್ರು, ತುಟಿ ನೇರಳೆ ಹಣ್ಣಾಗಿತ್ತು.

ಬೊಮ್ಮಕ್ಕ ಅಯ್ಯೋ ಅಂತ ಮಡಕೆಗೆ ಕೈ ಹಾಕಿದ್ರೆ, ನೀರು ಬರಲಿಲ್ಲ. ಎರಡನೇ ಮಡಕೆ ಬಗ್ಗಿಸಿದ್ಲು, ಬರಲಿಲ್ಲ. ಮೂರನೇದಕ್ಕೆ ಕಲ್ಲು ಎತ್ತಿ ಹಾಕಿದ್ಲು, ಮಡಕೆ ಒಡೆದು ಚೂರಾಯ್ತು, ನೀರು ಮಾತ್ರ ಮಡಕೆ ಹಂಗೇ ದುಂಡಗೆ ನಿಂತ್ಕೊಂಡಿತ್ತಂತೆ! ಅಕ್ಕಪಕ್ಕದ ಮನೆಗೆ ಓಡಿದ್ಲು, ಎಲ್ಲರ ಮನೇಲೂ ನೀರು ಕಲ್ಲಾಗಿತ್ತು. ಊರಿಗೆಲ್ಲ ನೀರು ಕೊಟ್ಟೆ, ನನ್ನ ಮಗನಿಗೆ ಒಂದು ತೊಟ್ಟು ಇಲ್ವಲ್ಲೋ ಭಗವಂತ ಅಂತ ಎದೆ ಬಡ್ಕೊಂಡ್ಲು. ಇನ್ನೇನೂ ತೋಚದೇ ಮಗನನ್ನ ಬಾಚಿ ತಬ್ಬಿಕೊಂಡು, ಸೆರಗು ಸುತ್ತಿ, ಕೌದಿ ಎಳ್ಕೊಂಡು, ಮಜ್ಜಿಗೆಗೆ ಅಂತ ಸಾಕಿ ಮನೆಯೊಳಗೆ ಕಟ್ಟಿದ್ದ ಹಸುವಿನ ಹೊಟ್ಟೆಗೆ ಒರಗಿ ಬಿದ್ಕೊಂಡ್ಲಂತೆ. ಸಾಯೋದಾದ್ರೆ ಮಡಿಲಲ್ಲೇ ಸಾಯಲಿ ಅಂತ.

ಎಷ್ಟು ಹೊತ್ತು ಹಂಗಿದ್ಲೋ ಏನೋ. ಆಮೇಲೆ ಎದೆ ಹತ್ರ ಏನೋ ಮಿಸುಕಾಡಿದಂಗಾಯ್ತು. ಅವ್ವಾ, ಸ್ವಲ್ಪ ಬಿಡೇ, ಉಸಿರು ಕಟ್ತೈತೆ ಅಂದನಂತೆ ಪಾಲಯ್ಯ.

ಬೊಮ್ಮಕ್ಕ ಕುಣಿದಾಡಿದ್ಲು, ಹಸುವಿಗೆ ಕೈ ಮುಗಿದ್ಲು, ಮಗನ ಕೆನ್ನೆ ಸವರಿದ್ಲು. ಕೆನ್ನೆ ಬೆಚ್ಚಗಿತ್ತು. ಆ ಬಿಸುಪು ಕೈಗೆ ತಾಕಿದ ಗಳಿಗೇಲಿ ಅವಳಿಗೆ ಹೊಳೀತು ನೋಡು. ಇವನಿಗೆ ನೀರು ಸುರೀಲಿಲ್ಲ, ಇವನು ಬದುಕಿದ. ಹಂಗಾದ್ರೆ ದಾಸಯ್ಯ? ಹಂಗಾದ್ರೆ ಕೆಂಚಮ್ಮ? ತನ್ನ ಎರಡೂ ಕೈ ನೋಡ್ಕೊಂಡು ಕೂತುಬಿಟ್ಟಳಂತೆ.

ಮಾರನೇ ದಿನ ಸೂರ್ಯಪ್ಪ ಬಂದ. ಹಿಮ ಎಲ್ಲ ಕರಗಿ ಚರಂಡೀಲಿ ಹರಿದುಹೋಯ್ತು. ಜನ ತಮಟೆ ಬಾರಿಸಿದ್ರು, ಬೊಮ್ಮಕ್ಕ ಬಿದ್ದೋರನ್ನೆಲ್ಲ ನೋಡ್ಕೊಂಡ್ಲು ಅಂತ ಅವಳಿಗೆ ಸೀರೆ ಉಡಿಸೋಕೆ ಬಂದ್ರು. ಅವಳು ಬಾಗಿಲ ತಟ್ಟಿ ಸರಿಸಲೇ ಇಲ್ಲವಂತೆ.

ಬೇಸಿಗೆ ಬಂದಾಗ ಓಬಯ್ಯ ಒಂದು ಬುಟ್ಟಿ ಮಲ್ಲಿಗೆ ತಂದು, ಕೆಂಚಮ್ಮನ ಹೆಸರಲ್ಲಿ ಅಂತ ನೀರಿನ ಮಡಕೆಗಳಿಗೆಲ್ಲ ಹಾರ ಹಾಕಿದನಂತೆ. ಬೊಮ್ಮಕ್ಕ ಹೇಳಬೇಕು ಅಂತ ಬಾಯಿ ತೆರೆದ್ಲು, ಹೇಳೋಕಾಗಲಿಲ್ಲ. ಎರಡನೇ ವರ್ಷಾನೂ ಬಂದ, ಮಡಕೆಗೆ ಹಾರ ಹಾಕಿದ, ಒಂದು ಲೋಟ ನೀರು ಕುಡಿದ, ಕೂತ. ಅವಳು, ಮಲ್ಲಿಗೆ ಈ ಸಲ ಚೆನ್ನಾಗಿ ಬಂದೈತೆ ಅಲ್ವಾ ಅಂದಳು, ಅಷ್ಟೇ. ಅನ್ನ ಸೇರ್ತಿರಲಿಲ್ಲ, ಮಗ ನಕ್ಕರೆ ಆ ನಗೂನೂ ನೋಡೋಕಾಗ್ತಿರಲಿಲ್ಲ.

ಮೂರನೇ ವರ್ಷ ಅವನು ಹಾರ ಎತ್ತಿದಾಗ ಬೊಮ್ಮಕ್ಕ ಅವನ ಕೈ ಹಿಡಿದು, ಹಾಕಬೇಡವೋ ತಮ್ಮಯ್ಯ, ಆ ನೀರೇ ಅವಳನ್ನ ಕೊಂದಿದ್ದು, ನಾನೇ ಸುರಿದಿದ್ದು, ಬೆಚ್ಚಗೆ ತಬ್ಬಿಕೊಂಡಿದ್ರೆ ಬದುಕ್ತಿದ್ಲು ಅಂತ ಒಂದೇ ಉಸಿರಿಗೆ ಹೇಳಿ ಮಡಕೆ ಹತ್ರ ಕೂತ್ಲಂತೆ.

ಓಬಯ್ಯ ಬೈಲಿಲ್ಲ, ಅಳಲಿಲ್ಲ. ಅವಳ ಪಕ್ಕ ಕೂತು, ಗೊತ್ತಕ್ಕ ಅಂದನಂತೆ. ನಿನ್ನ ಮಗ ಹೆಂಗೆ ಉಳಿದ ಅಂತ ಕೇಳಿದ ದಿನಾನೇ ಗೊತ್ತಾಯ್ತು. ಬೀಸಿದೋನು ನಾನಲ್ವಾ? ಅವಳು ನನ್ನ ಕೈ ಹಿಡಿದು ಸಾಕು ಅಂದ್ಲಕ್ಕ. ನನಗೆ ರಟ್ಟೆ ನೋಯುತ್ತೆ ಅಂತ ಹೇಳ್ತಾವಳೆ ಅಂದ್ಕೊಂಡು ಇನ್ನೂ ಜೋರಾಗಿ ಬೀಸಿದೆ. ಇದನ್ನ ನಾನು ಯಾರ ಹತ್ರ ಹೇಳ್ಕೊಳ್ಳಲಿ? ಅದಕ್ಕೇ ಹೂವಿನ ನೆಪ ಮಾಡ್ಕೊಂಡು ಇಲ್ಲಿಗೆ ಬರ್ತಿದ್ದೆ, ನೀನಾದ್ರೂ ಮೊದಲು ಬಾಯಿ ಬಿಡ್ತೀಯೇನೋ ಅಂತ.

ಬೊಮ್ಮಕ್ಕ ಎದ್ದು ಸಾರು ಮುದ್ದೆ ಮಾಡಿದ್ಲು, ಪಾಲಯ್ಯನ್ನೂ ಕೂರಿಸಿ ಮೂವರೂ ಉಂಡರು. ಮೂರು ವರ್ಷದಲ್ಲಿ ಅವಳ ಗಂಟಲಲ್ಲಿ ಅನ್ನ ಇಳಿದಿದ್ದು ಆವತ್ತೇ. ಆಮೇಲೆ ಬೊಮ್ಮಕ್ಕ ಒಂದು ಬೀದಿ, ಓಬಯ್ಯ ಒಂದು ಬೀದಿ ಅಂತ ಮನೆಮನೆಗೂ ಹೋಗಿ ನಾವು ಹಿಂಗೆ ತಪ್ಪು ಮಾಡಿದ್ವಿ ಅಂತ ಹೇಳ್ಕೊಂಡು ಬಂದರಂತೆ. ಕೆಲವರು ಥೂ ಅಂದ್ರು, ಕೆಲವರು ಅತ್ತರು, ಕೆಲವರು ಬನ್ನಿ ಕೂತ್ಕಳಿ ಅಂದ್ರು.

ಸುಡುಗಲ್ಲಿನಲ್ಲಿ ಮತ್ತೆ ಯಾವತ್ತೂ ಹಿಮ ಬೀಳಲಿಲ್ಲ. ಕಲಿತ ಬುದ್ಧಿ ಯಾರನ್ನೂ ಉಳಿಸೋಕೆ ಬರಲೇ ಇಲ್ಲ. ಆದ್ರೂ ಆ ಊರಲ್ಲಿ ಇವತ್ತಿಗೂ ಬಿಸಿಲಿಗೆ ಯಾರಾದ್ರೂ ಬಿದ್ರೆ, ಎಷ್ಟೇ ಅವಸರ ಇರಲಿ, ನೀರು ಎತ್ಕೊಳ್ಳೋಕೆ ಮುಂಚೆ ಒಂದು ಗಳಿಗೆ ನಿಂತು, ಹಿಂಗೈ ಇಟ್ಟು ಅವರ ಕೆನ್ನೆ ಮುಟ್ಟಿ ನೋಡ್ತಾರಂತೆ. ಯಾಕೆ ಮುಟ್ತೀವಿ ಅಂತ ಎಳೇ ಹುಡುಗರಿಗೆ ಗೊತ್ತೂ ಇಲ್ಲವಂತೆ, ದೊಡ್ಡೋರು ಮುಟ್ತಾರೆ, ತಾವೂ ಮುಟ್ತಾರೆ.

ಕತೆ ಮುಗಿದು ಆ ಕಡೆ ಮಗ್ಗುಲಾಯ್ತು, ನೀನು ಈ ಕಡೆ ಮಗ್ಗುಲಾಗು ಕಂದ.