ಹೆಜ್ಜೇನಿನ ಕೆಳಗೊಂದು ಬೋರ್ಡು

ಮಠದ ಬಾಗಿಲ ಎದುರಿನ ಆಲದ ಮರದಲ್ಲಿ ಹೆಜ್ಜೇನು ಗೂಡು ಕಟ್ಟಿತ್ತು. ಭಕ್ತರಿಗೋ, ಆ ಮರದ ಕೆಳಗೇ ಊದುಬತ್ತಿ ಹಚ್ಚಿ ಒಳಗೆ ಬರುವ ಅಭ್ಯಾಸ. ಹೊಗೆ ಮೇಲೆ ಹೋದರೆ ಜೇನು ಕೆಳಗೆ ಬರುತ್ತದೆ, ಹೇಳಬೇಕೆ?

ಗುರುಗಳು ಪಕ್ಕದೂರಿಗೆ ಹೊರಟಿದ್ದರು. ಶಿಷ್ಯ ಸದ್ಯೋಜಾತನನ್ನು ಕರೆದು, "ನಾಳೆ ಸೋಮವಾರ, ಜನ ಬರ್ತಾರೆ. ಯಾರಿಗೂ ಜೇನು ಕಚ್ಚಬಾರದು. ಒಂದು ಬೋರ್ಡು ಬರೆದು ಹಾಕಪ್ಪ" ಎಂದರು.

ಸದ್ಯೋಜಾತ ಭಾರಿ ಪಂಡಿತ. ಕುಡಿಯಲು ನೀರು ಕೇಳುವಾಗಲೂ ನಿಘಂಟು ತಿರುವಿಹಾಕುವ ಪೈಕಿ. ಸಂಜೆಯವರೆಗೂ ಕೂತು ಬರೆದ:

"ಮಧುಮಕ್ಷಿಕಾ ಪ್ರಕೋಪಕಾರಕವಾದ ಧೂಮೋತ್ಪಾದನೆಯನ್ನು ಭಕ್ತವೃಂದವು ಸರ್ವಥಾ ಪರಿತ್ಯಜಿಸತಕ್ಕದ್ದು."

ತಾನೇ ಓದಿ ತಾನೇ ತಲೆದೂಗಿದ. ಬೆಳಗ್ಗೆ ಬೋರ್ಡನ್ನು ಮರಕ್ಕೆ ಕಟ್ಟಿ, ಹೊಗಳಿಕೆ ಕೇಳಲು ಪಕ್ಕದಲ್ಲೇ ನಿಂತ.

ಮೊದಲು ಬಂದವರು ಸಿದ್ದಮ್ಮಜ್ಜಿ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. ಏನೂ ತಿಳಿಯಲಿಲ್ಲ. ತಿಳಿಯದಿದ್ದಕ್ಕೇ ಭಕ್ತಿ ಉಕ್ಕಿತು.

"ಇದ್ಯಾವ ದೇವ್ರ ಮಂತ್ರ ಬುದ್ಧಿ? ಓದ್ತಿದ್ರೆ ಮೈ ಜುಮ್ ಅಂತದೆ!"

"ನಾನೇ ಬರೆದದ್ದು" ಎಂದು ಸದ್ಯೋಜಾತ ಉಬ್ಬಿಹೋದ. ಅಜ್ಜಿ ಬೋರ್ಡಿಗೆ ಕೈಮುಗಿದರು. ಹಿಂದೆ ಬಂದವರೂ ಮುಗಿದರು. ಆ ಸುಖಕ್ಕೆ ಇವನು ಕಣ್ಣು ಮುಚ್ಚಿದ. ತೆರೆದು ನೋಡಿದರೆ, ಅಜ್ಜಿ ಒಂದು ಹಿಡಿ ಊದುಬತ್ತಿ ಹಚ್ಚಿ ಬೋರ್ಡಿಗೇ ಬೆಳಗುತ್ತಿದ್ದಾರೆ!

"ಅಯ್ಯೋ ಅಜ್ಜೀ, ಮೇಲೆ ಜೇನು! ಓಡಿ!"

ಸಂಜೆ ಗುರುಗಳು ಬಂದಾಗ ಶಿಷ್ಯನ ಮುಖ ಕುಂಬಳಕಾಯಿಯಾಗಿತ್ತು.

"ಯಾರ್ಯಾರಿಗೆ ಕಚ್ಚಿತಪ್ಪ?"

"ನನಗೊಬ್ಬನಿಗೇ ಗುರುಗಳೇ. ಅವರೆಲ್ಲ ಒಳಗೋಡಿ ಬಾಗಿಲು ಹಾಕಿಕೊಂಡರು."

"ಬೋರ್ಡು ಓದಿಯೋ?"

"ಇಲ್ಲ, ನಾನು ಕೂಗಿದ್ದು ಕೇಳಿ."

"ಏನಂತ ಕೂಗಿದೆ?"

ಹೇಳಿದ. ಗುರುಗಳು ನಗು ತಡೆದುಕೊಳ್ಳಲು ಹೋಗಿ ಸೋತರು. "ಮತ್ತೆ ಅದನ್ನೇ ಬರೆಯೋಕೆ ನಿನಗೇನಾಗಿತ್ತಯ್ಯಾ?"

ಮರುದಿನ ಹೊಸ ಬೋರ್ಡು ಬಂತು: "ಅಜ್ಜೀ, ಅಣ್ಣಾ, ಸ್ವಲ್ಪ ಮೇಲೆ ನೋಡಿ. ಹೆಜ್ಜೇನಿದೆ. ಇಲ್ಲಿ ಊದುಬತ್ತಿ ಬೇಡ, ಒಳಗೆ ಬಂದು ಹಚ್ಚಿ."

ಸಿದ್ದಮ್ಮಜ್ಜಿ ಓದಿದರು. ಮೇಲೆ ನೋಡಿದರು. ಊದುಬತ್ತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸದ್ಯೋಜಾತನ ಊದಿದ ಮುಖದ ಕಡೆ ತಿರುಗಿದರು.

"ಕಚ್ಚಿಸ್ಕೊಂಡ ಮೇಲೆ ಎಷ್ಟು ಚೆಂದ ಬರೀತೀರಿ ಬುದ್ಧಿ!"

ನೀತಿ: ಬರೆಯಲು ಕೂತಾಗ ಎದುರಿಗೆ ಒಬ್ಬ ಅಜ್ಜಿ ನಿಂತಿದ್ದಾರೆ ಅಂದುಕೊಳ್ಳಿ. ಅವರ ಜೊತೆ ಮಾತಾಡಿದ ಹಾಗೆ ಬರೆದರೆ ಓದಿದವರಿಗೆ ತಿಳಿಯುತ್ತದೆ. ಮೆಚ್ಚಿಸಲು ಬರೆದರೆ ಕೈಮುಗಿಯುತ್ತಾರೆ ಅಷ್ಟೆ, ಕೊನೆಗೆ ಜೇನು ಕಚ್ಚುವುದು ಬರೆದವರಿಗೇ.